ಗುರುವಿನ ಮಕ್ಕಳು ಬಂದರು

ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ನಮ್ಮ ಮನೆಗೆ ಮೂವರು ಮಕ್ಕಳು ಬರುವವರಿದ್ದರು. ನಾನು ಹಿಂದಿನ ದಿನವೇ ಮೂರು ಹಾಸಿಗೆ ಹಾಸಿಟ್ಟಿದ್ದೆ. ಮೂರು ಬಣ್ಣದ ಟೂತ್‌ಬ್ರಶ್ ತಂದಿದ್ದೆ. ಖಾರ ಹಾಕದೆ ಪಲಾವ್ ಮಾಡಿ, ಎರಡು ಲೀಟರ್ ಹಾಲು ಕಾಯಿಸಿ, ಬಿಸ್ಕತ್ತಿನ ಡಬ್ಬ ತುಂಬಿಸಿ ಕಾಯುತ್ತಿದ್ದೆ.

ಹತ್ತೂಕಾಲಿಗೆ ಗೇಟಿನ ಹತ್ತಿರ ಒಂದು ಪಿಕಪ್ ಗಾಡಿ ನಿಂತಿತು. ಡ್ರೈವರ್ ಇಳಿದ. ಅವನ ಪಕ್ಕದ ಸೀಟು ಖಾಲಿ.

'ಮಕ್ಕಳೆಲ್ಲಿ?' ಎಂದು ನನ್ನ ಕೈಲಾದ ಸ್ವಾಹಿಲಿಯಲ್ಲಿ ಕೇಳಿದೆ.

ಅವನು ಹೆಬ್ಬೆರಳಿನಲ್ಲಿ ಗಾಡಿಯ ಹಿಂಭಾಗ ತೋರಿಸಿದ. ಅಲ್ಲಿ ಪಟ್ಟಿ ಹೊಡೆದ ಮರದ ಪೆಟ್ಟಿಗೆಯೊಂದರಲ್ಲಿ, ಒಣಹುಲ್ಲಿನ ಮೇಲೆ, ಮೂರು ಹಂದಿಮರಿಗಳು ನಿಂತು ನನ್ನನ್ನೇ ನೋಡುತ್ತಿದ್ದವು. ತಿಳಿ ಗುಲಾಬಿ ಬಣ್ಣ, ಬಿಳಿ ರೆಪ್ಪೆ, ಒದ್ದೆ ಮೂತಿ.

ನನ್ನ ಪಕ್ಕದಲ್ಲಿದ್ದ ಮಗಳು ಅನಘಾ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. ಹದಿಮೂರು ವರ್ಷ ಅವಳಿಗೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ನೈರೋಬಿ ಹುಡುಗಿ.

'ಅಮ್ಮಾ,' ಎಂದಳು, 'ವಿಚ್ ಒನ್ ಗೆಟ್ಸ್ ದ ಪಿಂಕ್ ಟೂತ್‌ಬ್ರಶ್?'

ಇದು ಹೇಗಾಯಿತು ಎಂದು ಹೇಳಿಬಿಡುತ್ತೇನೆ. ನೀವು ನಗುವುದಾದರೆ ಈಗಲೇ ನಕ್ಕು ಮುಗಿಸಿ.

ನಾವು ಆರು ವರ್ಷ ಸೌತ್ ಸಿ ಬಡಾವಣೆಯ ಫ್ಲ್ಯಾಟಿನಲ್ಲಿದ್ದೆವು. ಹೋದ ವರ್ಷ ಕರೆನ್ ಕಡೆಗೆ ಬಂದೆವು. ಇಲ್ಲಿ ಅರ್ಧ ಎಕರೆ ಜಾಗ, ಮುಂದೆ ನಾವು ಬಾಡಿಗೆಗಿರುವ ಮನೆ, ಹಿಂದೆ ಒಂದು ಪುಟ್ಟ ಮನೆಯಲ್ಲಿ ಮಾಲೀಕರು. ಮಾಲೀಕರು ಅರವತ್ತೆಂಟು ವರ್ಷದ ಹೆಂಗಸು, ಪ್ರೈಮರಿ ಶಾಲೆಯ ಹೆಡ್‌ಮಿಸ್ ಆಗಿ ರಿಟೈರ್ ಆದವರು. ಈ ರಸ್ತೆಯ ಎಲ್ಲರೂ ಅವರನ್ನು ಮ್ವಾಲಿಮು ಎಂದೇ ಕರೆಯುತ್ತಾರೆ. ಅಂದರೆ ಟೀಚರ್. ನನಗಿಂತ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾರೆ.

ಮತ್ತೆ ತೊಂದರೆ ಎಲ್ಲಿಂದ ಬಂತು? ನನ್ನಿಂದಲೇ. 'ಏಳು ವರ್ಷದಿಂದ ಈ ದೇಶದಲ್ಲಿದ್ದೇನೆ, ತರಕಾರಿ ಕೊಳ್ಳುವಷ್ಟು ಸ್ವಾಹಿಲಿ ಮಾತ್ರ ಬರುತ್ತೆ. ದಯವಿಟ್ಟು ಇನ್ನುಮೇಲೆ ನನ್ನ ಜತೆ ಸ್ವಾಹಿಲಿಯಲ್ಲೇ ಮಾತಾಡಿ' ಎಂದು ಅವರನ್ನು ಕೇಳಿಕೊಂಡವಳು ನಾನು. ಟೀಚರ್ ಅಲ್ಲವೇ, ಅವರು ಮಾತು ಉಳಿಸಿಕೊಂಡರು. ಅಂದಿನಿಂದ ನನಗೆ ಒಂದು ಇಂಗ್ಲಿಷ್ ಪದ ಸಿಕ್ಕಿಲ್ಲ.

ಸ್ವಾಹಿಲಿಯಲ್ಲಿ ಒಂದು ಅದ್ಭುತ ಪದವಿದೆ. ಸವಾ. ಸರಿ, ಆಯ್ತು, ಹೂಂ, ಪರವಾಗಿಲ್ಲ, ಎಲ್ಲಕ್ಕೂ ಅದೊಂದೇ ಸಾಕು. ಮ್ವಾಲಿಮು ಏನು ಹೇಳಿದರೂ ನಾನು ಸವಾ ಎನ್ನುತ್ತಿದ್ದೆ. ಅರ್ಧ ಅರ್ಥವಾದರೆ ಒಂದು ಸವಾ. ಏನೂ ಅರ್ಥವಾಗದಿದ್ದರೆ ಎರಡು.

(ನನಗೆ ಇದು ಹೊಸ ಅಭ್ಯಾಸವಲ್ಲ. ಬ್ಯಾಂಕಿನವರು ಇನ್ಶೂರೆನ್ಸ್ ವಿವರಿಸುವಾಗ, ಡಾಕ್ಟರು ರಿಪೋರ್ಟ್ ಓದುವಾಗ, ನಮ್ಮವರು ಟ್ಯಾಕ್ಸ್ ಬಗ್ಗೆ ಹೇಳುವಾಗ, ಎಲ್ಲ ಕಡೆ ನಾನು ಇದೇ ರೀತಿ ತಲೆಯಾಡಿಸುತ್ತೇನೆ. ನೀವೂ ಆಡಿಸುತ್ತೀರಿ. ಸುಮ್ಮನೆ ಒಪ್ಪಿಕೊಳ್ಳಿ.)

ಆ ಶನಿವಾರಕ್ಕೆ ಮೊದಲಿನ ಬುಧವಾರ ಮ್ವಾಲಿಮು ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಕುರುವಿನಲ್ಲಿರುವ ತಂಗಿಯ ಮನೆಗೆ ಹೊರಟರು. ಮೂರು ವಾರ ಇರುವುದಿಲ್ಲ. ಹೊರಡುವ ಮೊದಲು ನಮ್ಮ ಜಗಲಿಯಲ್ಲಿ ಕುಳಿತು ಹತ್ತು ನಿಮಿಷ ಏನೇನೋ ಹೇಳಿದರು. ನನಗೆ ಸಿಕ್ಕಿದ್ದು ಇಷ್ಟು. ಶನಿವಾರ. ಮೂರು. ಮಕ್ಕಳು. ಚಳಿ. ಊಟ.

ಪೂರ್ತಿ ವಾಕ್ಯ 'ವಟೊಟೊ ವಟಾಟು ವಾ ನ್ಗುರುವೆ' ಎಂದಿತ್ತು. ವಟೊಟೊ ಅಂದರೆ ಮಕ್ಕಳು, ವಟಾಟು ಅಂದರೆ ಮೂವರು. ಕೊನೆಯ ಪದಕ್ಕೆ ಹಂದಿ ಎಂಬ ಅರ್ಥ ಆಗ ಗೊತ್ತಿರಲಿಲ್ಲ. ಆದರೆ ಕನ್ನಡದವಳ ಕಿವಿ, ಅದಕ್ಕೆ ಏನು ಕೇಳಿಸಬೇಕು ಹೇಳಿ? ಗುರುವೆ. ಮ್ವಾಲಿಮು ಅಂದರೆ ಗುರು. ಗುರುವಿನ ಮಕ್ಕಳು, ಅಂದರೆ ಅವರ ಮೊಮ್ಮಕ್ಕಳು. ಕಿಸುಮುವಿನಲ್ಲಿ ಮೊಮ್ಮಕ್ಕಳಿದ್ದಾರೆ ಎಂದು ಕೇಳಿದ್ದೆ. ಎಲ್ಲ ಸರಿಹೊಂದಿತು.

ಅಂದು ಸಂಜೆ ನಮ್ಮವರಿಗೆ ಹೆಮ್ಮೆಯಿಂದ ಹೇಳಿದೆ. 'ನೋಡ್ರೀ, ಸಂಸ್ಕೃತ ಎಲ್ಲೆಲ್ಲಿಗೆ ಹೋಗಿದೆ. ಇವರ ಭಾಷೇಲೂ ಗುರು ಅನ್ನೋ ಪದ ಇದೆ.'

'ಹೌದಾ? ವ್ಯಾಪಾರಕ್ಕೆ ಬಂದವರು ತಂದಿರಬೇಕು,' ಎಂದರು ಅವರು. ಔಷಧಿ ಕಾರ್ಖಾನೆಯಲ್ಲಿ ಕ್ವಾಲಿಟಿ ಮ್ಯಾನೇಜರ್. ಮಾತ್ರೆಯ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಂಡರೂ ಇಡೀ ಬ್ಯಾಚ್ ನಿಲ್ಲಿಸುವ ಮನುಷ್ಯ, ನನ್ನ ಗುರುವನ್ನು ಮಾತ್ರ ಪರೀಕ್ಷೆ ಮಾಡದೆ ಪಾಸ್ ಮಾಡಿದರು.

ಅಜ್ಜಿಯೇ ಊರಲ್ಲಿಲ್ಲದಾಗ ಮೊಮ್ಮಕ್ಕಳು ಯಾಕೆ ಬರುತ್ತಾರೆ? ಈ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಹಿತ್ತಲಲ್ಲಿ ಬಡಗಿಯೊಬ್ಬ ಎರಡು ವಾರದಿಂದ ತಗಡಿನ ಸೂರಿನ ಪುಟ್ಟ ಮರದ ಮನೆಯೊಂದನ್ನು ಕಟ್ಟುತ್ತಿದ್ದ. ಅದನ್ನೂ ನೋಡಿದ್ದೆ. ಮೊಮ್ಮಕ್ಕಳಿಗೆ ಆಟದ ಮನೆ, ಎಷ್ಟು ಪ್ರೀತಿ ಇವರಿಗೆ, ಎಂದುಕೊಂಡಿದ್ದೆ. ಬಾಗಿಲು ಸೊಂಟದೆತ್ತರವಷ್ಟೇ ಇದ್ದದ್ದನ್ನೂ ಗಮನಿಸಿದ್ದೆ. ಚಿಕ್ಕ ಮಕ್ಕಳು, ಎಂದುಕೊಂಡಿದ್ದೆ.

ಸರಿ, ಶನಿವಾರಕ್ಕೆ ಬರೋಣ. ಡ್ರೈವರ್ ಪೆಟ್ಟಿಗೆಯನ್ನು ಆಟದ ಮನೆಯೊಳಗೆ ಇಳಿಸಿ, ಬಾಗಿಲು ತೆರೆದು, ಅಸಾಂಟೆ, ಅಂದರೆ ಥ್ಯಾಂಕ್ಸ್, ಹೇಳಿ ಹೋದ. ಅವನಿಗೆ ನಾನು ಪಲಾವ್ ಕೊಟ್ಟೆ. ಯಾರಾದರೂ ತಿನ್ನಬೇಕಿತ್ತಲ್ಲ.

ಮರಿಗಳು ಒಂದು ಮೂಲೆಗೆ ಹೋಗಿ ಒಂದರ ಮೇಲೊಂದು ಬಿದ್ದುಕೊಂಡು ನಡುಗತೊಡಗಿದವು. ಆಫ್ರಿಕಾ ಎಂದರೆ ಸುಡುಬಿಸಿಲು ಎಂದುಕೊಂಡಿರುವ ಓದುಗರು ಒಮ್ಮೆ ಜುಲೈನಲ್ಲಿ ಇಲ್ಲಿಗೆ ಬಂದು ನೋಡಬೇಕು. ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ, ಮನೆಯೊಳಗೂ ಸ್ವೆಟರ್ ಬಿಚ್ಚುವಂತಿಲ್ಲ. ನಾನು ಏನು ಮಾಡಲಿ? ಹಾಸಿಗೆ ಇದ್ದವಲ್ಲ. ಒಂದನ್ನು ತಂದು ಹಾಸಿದೆ. ಅವು ಅದರ ಮೇಲೆ ಹತ್ತಿ ಮಲಗಿದವು. ನನ್ನ ತಾಯಿಕರುಳು ತಂಪಾಯಿತು. ಹಾಲಿಗೆ ಸಕ್ಕರೆ ಹಾಕಿ ಕೊಟ್ಟೆ. ಬಿಸ್ಕತ್ತು ನೆನೆಸಿ ಕೊಟ್ಟೆ. ತಟ್ಟೆ ನೆಕ್ಕಿ ಇನ್ನಷ್ಟು ಕೇಳಿದವು. ಇನ್ನಷ್ಟು ಕೊಟ್ಟೆ.

ಮೂಲೆಯಲ್ಲಿ ಮುಚ್ಚಳವಿದ್ದ ಒಂದು ನೀಲಿ ಡ್ರಮ್ ಇತ್ತು. ಅದರಲ್ಲಿ ಗೊಬ್ಬರ ಇರಬೇಕು ಎಂದು ಮುಟ್ಟಲಿಲ್ಲ.

ಅನಘಾ ಅಷ್ಟರಲ್ಲಿ ನಾಮಕರಣ ಮಾಡಿದ್ದಳು. ದಪ್ಪಗಿದ್ದ ಎರಡಕ್ಕೆ ಇಡ್ಲಿ, ವಡೆ. ಎಲ್ಲಕ್ಕಿಂತ ಸಣ್ಣದು, ಒಂದು ಕಿವಿ ಮಡಚಿಕೊಂಡದ್ದು, ಚಟ್ನಿ.

ಮಧ್ಯಾಹ್ನ ಕಾರ್ಖಾನೆಯಿಂದ ಬಂದ ನಮ್ಮವರು ಹಿತ್ತಲಿಗೆ ಹೋಗಿ ನೋಡಿ, ತಿರುಗಿ ಬಂದು, ಶೂ ಬಿಚ್ಚಿ, ಕೈ ತೊಳೆದು, ಊಟಕ್ಕೆ ಕುಳಿತರು. ಎರಡು ತುತ್ತು ತಿಂದ ಮೇಲೆ ಕೇಳಿದರು, 'ವೀಣಾ, ಗುರುವಿನ ಮಕ್ಕಳು ಎಷ್ಟು ದಿನ ಇರ್ತಾರೆ?'

'ಗೊತ್ತಿಲ್ಲ ರೀ.'

'ನಮ್ಮಮ್ಮನಿಗೆ ಮಾತ್ರ ಹೇಳ್ಬೇಡ,' ಎಂದು ಸಾರು ಬಡಿಸಿಕೊಂಡರು.

ಸಂಜೆ ಮ್ವಾಲಿಮು ಫೋನ್ ಮಾಡಿದರು. ಸ್ವಾಹಿಲಿಯಲ್ಲೇ. ಮಕ್ಕಳು ಬಂದರಾ? ಬಂದರು. ಊಟ ಮಾಡಿದರಾ? ಮಾಡಿದರು. ಎಲ್ಲ ಸರಿಯಾ? ಸವಾ, ಸವಾ.

ಆಗಲೇ ಕೇಳಬಹುದಿತ್ತು, ಅಲ್ಲವೇ? ಇವಕ್ಕೆ ಏನು ಕೊಡಬೇಕು ಮ್ವಾಲಿಮು, ನನಗೆ ನೀವು ಹೇಳಿದ್ದು ಒಂದಕ್ಷರ ಅರ್ಥವಾಗಿರಲಿಲ್ಲ, ಎಂದು. ನಾಲಿಗೆಯವರೆಗೆ ಬಂದಿತ್ತು. ಸೋಮವಾರ ಅವರಿಗೆ ಆಪರೇಷನ್, ಸುಮ್ಮನೆ ಯಾಕೆ ಚಿಂತೆ ಕೊಡುವುದು ಎಂದು ನುಂಗಿಕೊಂಡೆ. ನನ್ನ ಹೆಡ್ಡತನ ಬಯಲಾಗುವ ಸಂದರ್ಭ ಬಂದಾಗಲೆಲ್ಲ ನನಗೆ ಬೇರೆಯವರ ಆರೋಗ್ಯದ ಬಗ್ಗೆ ಇಂಥ ಕಾಳಜಿ ಹುಟ್ಟುತ್ತದೆ.

ಭಾನುವಾರ ಶೈಲಾ ಬಂದಳು. ಸೌತ್ ಸಿಯಲ್ಲಿದ್ದಾಗಿನ ಗೆಳತಿ, ಹಾಸಿಗೆಗಳನ್ನು ಕೊಟ್ಟವಳು. ಮಕ್ಕಳನ್ನು ನೋಡಲೆಂದು ಚಕ್ಕುಲಿ, ಕಲರಿಂಗ್ ಪುಸ್ತಕ, ಒಂದು ಚೆಂಡು ಹಿಡಿದು ಬಂದಿದ್ದಳು.

'ಎಲ್ಲೇ ಮಕ್ಕಳು? ಇಷ್ಟು ಸೈಲೆಂಟಾಗಿದ್ದಾರೆ?'

'ಹಿತ್ತಲಲ್ಲಿದ್ದಾರೆ.'

ಕರೆದುಕೊಂಡು ಹೋದೆ. ಬೇರೇನು ಮಾಡಲಿ? ಶೈಲಾ ಬಗ್ಗಿ ಒಳಗೆ ನೋಡಿದಳು. ಇಡ್ಲಿ ಮತ್ತು ವಡೆ ಹಾಸಿಗೆಯ ಎರಡು ತುದಿ ಕಚ್ಚಿ ಎಳೆದಾಡುತ್ತಿದ್ದವು. ಸ್ಪಂಜು ಹೊರಗೆ ಬಂದು ಹಿಮ ಬಿದ್ದಂತೆ ಹರಡಿತ್ತು.

'ಅದು ನಮ್ಮತ್ತೆ ಬಂದಾಗ ಹಾಕೋ ಹಾಸಿಗೆ ಕಣೇ,' ಎಂದಳು. 'ಡಿಸೆಂಬರ್‌ನಲ್ಲಿ ಬರ್ತಾರೆ.'

'ಹೊಸದು ಕೊಡಿಸ್ತೀನಿ.'

'ಬೇಡ, ಬೇಡ,' ಎಂದಳು. ಸ್ವಲ್ಪ ಯೋಚಿಸಿ, 'ಹೊಲಿದು ಕೊಟ್ರೂ ಸಾಕು,' ಎಂದಳು. ಅತ್ತೆ ಸೊಸೆಯರ ಸಂಬಂಧದ ಬಗ್ಗೆ ನಾನು ಹೆಚ್ಚು ಕೇಳಲಿಲ್ಲ.

ಸೋಮವಾರ ಮ್ವಾಲಿಮು ಅಲ್ಲಿ ಆಪರೇಷನ್ ಟೇಬಲ್ ಮೇಲೆ ಮಲಗಿದ್ದ ಹೊತ್ತಿಗೆ ಇಲ್ಲಿ ಇಡ್ಲಿ ಗೋಡೆಯ ಕೆಳಗಿನ ಹಲಗೆಯನ್ನು ಮೂತಿಯಿಂದ ಎತ್ತಿ ಹಾಕಿತು. ನಾನು ಬಟ್ಟೆ ಒಣಗಿಸಲು ಹೋದಾಗ ಮೂರೂ ನನ್ನ ಕೊತ್ತಂಬರಿ ಮಡಿಯಲ್ಲಿದ್ದವು. ಕೊತ್ತಂಬರಿ ಇರಲಿಲ್ಲ. ಮೆಂತ್ಯವೂ ಇರಲಿಲ್ಲ. ಮೂರು ವರ್ಷ ಸೌತ್ ಸಿ ಬಾಲ್ಕನಿಯ ಕುಂಡದಲ್ಲಿಟ್ಟು ಕಾಪಾಡಿ ಇಲ್ಲಿ ನೆಲಕ್ಕೆ ನೆಟ್ಟಿದ್ದ ಕರಿಬೇವಿನ ಗಿಡದ ಬುಡವನ್ನು ವಡೆ ಅಗೆಯುತ್ತಿತ್ತು.

ನಾನು ಓಡಿದೆ. ಅವೂ ಓಡಿದವು. ಹಂದಿಮರಿ ನೋಡಲು ಉರುಟುರುಟಾಗಿದ್ದರೂ ತಿರುವಿನಲ್ಲಿ ಒಂದಿಷ್ಟೂ ನಿಧಾನಿಸುವುದಿಲ್ಲ. ನಾನು ನಿಧಾನಿಸುತ್ತೇನೆ. ಮೂರನೆಯ ಸುತ್ತಿನಲ್ಲಿ ವಡೆಯ ಹಿಂಗಾಲು ಸಿಕ್ಕಿತು. ಅದು ಕಿರುಚಿದ ಕಿರುಚಿಗೆ ಎದುರು ಮನೆಯ ಅಸ್ಕಾರಿ, ಅಂದರೆ ಕಾವಲಿನವನು, ದೊಣ್ಣೆ ಹಿಡಿದು ನಮ್ಮ ಗೇಟಿನೊಳಗೆ ನುಗ್ಗಿದ. ನೈಟಿಯ ಮೇಲೆ ಸ್ವೆಟರ್ ಹಾಕಿಕೊಂಡು, ನೆಲದ ಮೇಲೆ ಬೋರಲು ಬಿದ್ದು, ಎರಡೂ ಕೈಯಲ್ಲಿ ಹಂದಿಯ ಕಾಲು ಹಿಡಿದುಕೊಂಡಿದ್ದ ನನ್ನನ್ನು ನೋಡಿ, 'ಮಾಮಾ, ಬಿಟ್ಟುಬಿಡಿ, ತಟ್ಟೆ ಬಡಿಯಿರಿ,' ಎಂದು ಸಮಾಧಾನವಾಗಿ ಹೇಳಿದ. (ಇಲ್ಲಿ ಮಾಮಾ ಅಂದರೆ ಅಮ್ಮ.)

ಬಿಟ್ಟೆ. ಸ್ಟೀಲ್ ತಟ್ಟೆ ತಂದು ಬಡಿದೆ. ಬಿಸ್ಕತ್ತು ಸುರಿದೆ. ಮೂರೂ ಶಾಲಾ ಮಕ್ಕಳಂತೆ ಸಾಲಾಗಿ ನನ್ನ ಹಿಂದೆ ಬಂದವು. ಎಂಥ ಗೆಲುವು. ಆ ಸಂತೋಷಕ್ಕೆ ಡಬ್ಬದಲ್ಲಿದ್ದ ಬಿಸ್ಕತ್ತನ್ನೆಲ್ಲ ಹಾಕಿದೆ. ಉಳಿದ ಹಾಲನ್ನೂ ಹಾಕಿದೆ.

ಮಂಗಳವಾರ ಬೆಳಿಗ್ಗೆ ಚಟ್ನಿ ಎದ್ದು ಬರಲಿಲ್ಲ.

ಉಳಿದೆರಡು ತಟ್ಟೆಯ ಸದ್ದಿಗೆ ಓಡಿ ಬಂದವು. ಇದು ಗೋಡೆಗೆ ಒರಗಿ ಒಂಟಿಯಾಗಿ ಮಲಗಿತ್ತು. ಹಿಂಭಾಗವೆಲ್ಲ ಗಲೀಜು. ಹೊಟ್ಟೆ ಒಳಕ್ಕೆ ಹೋಗಿತ್ತು. ಮುಟ್ಟಿದರೆ ಕಿರುಚಲಿಲ್ಲ. ಕಿರುಚದ ಹಂದಿಮರಿ ಎಷ್ಟು ಹೆದರಿಸುತ್ತದೆ ಎಂದು ನನಗೆ ಅಂದು ಗೊತ್ತಾಯಿತು.

ಸಂಜೆ ಫೋನ್ ಬಂತು. ಮ್ವಾಲಿಮುವಿನ ದನಿ ಸೋತಂತಿತ್ತು. ಕಣ್ಣಿಗೆ ಕಟ್ಟು ಹಾಕಿದ್ದಾರೆ, ನೋವಿಲ್ಲ ಎಂದರು. ಮಕ್ಕಳು ಹೇಗಿದ್ದಾರೆ ಎಂದರು.

ನಾನು ಸವಾ ಎಂದೆ.

ಫೋನ್ ಇಟ್ಟ ಮೇಲೆ ಅನಘಾ ನನ್ನ ಮುಖ ನೋಡಿದಳು. ಅವಳು ಏನಾದರೂ ಹೇಳಿದ್ದರೆ ಬೈದು ಸುಧಾರಿಸಿಕೊಳ್ಳುತ್ತಿದ್ದೆ.

ಬುಧವಾರ ಚಟ್ನಿಯ ಕಣ್ಣು ಗುಳಿಬಿದ್ದಿತ್ತು. ಇನ್ನು ತಡೆಯಲಾಗಲಿಲ್ಲ. ರಸ್ತೆ ತುದಿಯಲ್ಲಿ ದನ ಕೋಳಿಗಳ ಔಷಧಿ ಮಾರುವ ಅಂಗಡಿಗೆ ಹೋಗಿ ಹೇಳಿದೆ. ಮಧ್ಯಾಹ್ನ ಪಶುವೈದ್ಯರು ಮೋಟರ್‌ಬೈಕಿನಲ್ಲಿ ಬಂದರು. ಐವತ್ತೈದರ ಆಸುಪಾಸು, ಗಂಬೂಟು, ಕೋಟಿನ ಜೇಬಿನಲ್ಲಿ ಥರ್ಮಾಮೀಟರ್. ನಾನು ಫೋನ್ ಮಾಡಿ ಕರೆಸಿದ್ದ ನಮ್ಮವರೂ ಅದೇ ಹೊತ್ತಿಗೆ ಬಂದರು.

ವೈದ್ಯರು ಮರಿಯ ಹೊಟ್ಟೆ ಒತ್ತಿ, ಬಾಯಿ ತೆರೆದು ನೋಡಿ, ಇಂಗ್ಲಿಷಿನಲ್ಲಿ ಕೇಳಿದರು. 'ಏನು ತಿನ್ನಲು ಕೊಟ್ಟಿದ್ದೀರಿ?'

'ಮ್ವಾಲಿಮು ಹೇಳಿದ್ದನ್ನೇ,' ಎಂದೆ.

ಅವರು ನೆಲದಿಂದ ಏನನ್ನೋ ಎತ್ತಿಕೊಂಡರು. ಬಿಸ್ಕತ್ತಿನ ತುಂಡು. ಮಧ್ಯದಲ್ಲಿ ಕ್ರೀಮ್ ಇತ್ತು.

'ಇದನ್ನು ಮ್ವಾಲಿಮು ಹೇಳಿದರಾ?'

ಅವರು ಫೋನ್ ತೆಗೆದು, ನನ್ನ ಅನುಮತಿ ಕೇಳದೆ, ಮ್ವಾಲಿಮುಗೆ ಕರೆ ಮಾಡಿ ಸ್ಪೀಕರ್ ಹಾಕಿದರು. ಅವರೂ ಮ್ವಾಲಿಮುವಿನ ಹಳೆಯ ವಿದ್ಯಾರ್ಥಿಯಂತೆ. (ಈ ಕಡೆ ಯಾರು ಅಲ್ಲ?) ಅವರಿಬ್ಬರೂ ಏನೋ ಮಾತಾಡಿಕೊಂಡರು. ಆಮೇಲೆ ಫೋನಿನಿಂದ ನನ್ನ ಹೆಸರು ಬಂತು.

'ವೀಣಾ.' ಒಂದು ವರ್ಷದಲ್ಲಿ ಮೊದಲ ಬಾರಿಗೆ ಅವರು ಇಂಗ್ಲಿಷಿನಲ್ಲಿ ಮಾತಾಡಿದರು. 'ಅಂದು ನಾನು ಹೇಳಿದ್ದು ನಿನಗೆ ಎಷ್ಟು ಅರ್ಥವಾಗಿತ್ತು?'

ನಮ್ಮವರು ಸೂರು ನೋಡುತ್ತಿದ್ದರು. ವೈದ್ಯರು ಥರ್ಮಾಮೀಟರ್ ಒರೆಸುತ್ತಿದ್ದರು.

'ಏನೂ ಇಲ್ಲ ಮ್ವಾಲಿಮು. ನಿಮ್ಮ ಮೊಮ್ಮಕ್ಕಳು ಬರುತ್ತಾರೆ ಅಂದುಕೊಂಡಿದ್ದೆ.'

ಕಣ್ಣಿಗೆ ಕಟ್ಟು ಕಟ್ಟಿಕೊಂಡು ನಕುರುವಿನಲ್ಲಿ ಕುಳಿತ ಹೆಂಗಸು ನನ್ನ ಬಗ್ಗೆ ಏನು ಯೋಚಿಸುತ್ತಿರಬಹುದು ಎಂದು ಬೆವರಿದೆ.

'ಮೂವತ್ತಾರು ವರ್ಷ ಪಾಠ ಮಾಡಿದ್ದೇನೆ,' ಎಂದರು. 'ಅರ್ಥವಾಗದೆ ತಲೆಯಾಡಿಸುವ ಮಕ್ಕಳು ಯಾವ ಬೆಂಚಿನಲ್ಲಿದ್ದರೂ ನನಗೆ ಗೊತ್ತಾಗುತ್ತದೆ. ಅದಕ್ಕೇ ಎಲ್ಲವನ್ನೂ ಬರೆದಿಟ್ಟು ಬಂದಿದ್ದೆ. ನೀಲಿ ಡ್ರಮ್ಮಿನ ಮುಚ್ಚಳ ತೆಗೆದು ನೋಡಲಿಲ್ಲವೇ?'

ಅನಘಾ ಹೋಗಿ ಮುಚ್ಚಳ ತೆಗೆದಳು. ಒಳಗೆ ಕಂಠದವರೆಗೂ ಹಂದಿಮರಿಗಳ ಆಹಾರ. ಮುಚ್ಚಳದ ಒಳಬದಿಯಲ್ಲಿ ಒಂದು ಹಾಳೆ ಅಂಟಿಸಿತ್ತು. ಮುತ್ತು ಪೋಣಿಸಿದಂಥ ಇಂಗ್ಲಿಷ್ ಅಕ್ಷರ. ಮೊದಲ ದಿನ ನೀರು ಮಾತ್ರ, ಆಮೇಲೆ ಈ ಹಿಟ್ಟನ್ನು ಸ್ವಲ್ಪ ಸ್ವಲ್ಪ. ಅಂಗಡಿ ಹಾಲು ಬೇಡ. ಸಿಹಿ ಬೇಡವೇ ಬೇಡ. ಒಣಹುಲ್ಲು ದಪ್ಪಗೆ ಹಾಸಿದರೆ ಚಳಿಗೆ ಸಾಕು. ಕೆಳಗಿನ ಹಲಗೆಗೆ ಇನ್ನೊಂದು ಮೊಳೆ ಹೊಡೆಸಬೇಕು. ಹೆಸರಿಡಬಾರದು. ಕೊನೆಯಲ್ಲಿ, ಅಡಿಗೆರೆ ಎಳೆದು, ಹೀಗೆ ಬರೆದಿದ್ದರು. 'ಏನೇ ಇದ್ದರೂ ಫೋನ್ ಮಾಡು. ಆಪರೇಷನ್ ನನ್ನ ಕಣ್ಣಿಗೆ, ಕಿವಿಗಲ್ಲ.'

ನಮ್ಮವರು ಆ ಹಾಳೆಯನ್ನು ಎರಡು ಸಲ ಓದಿದರು. 'ಎಂಥ ಚೆನ್ನಾಗಿ ಬರೆದಿದ್ದಾರೆ. ನಮ್ಮ ಕಾರ್ಖಾನೇಲೂ ಇಂಥ ಇನ್‌ಸ್ಟ್ರಕ್ಷನ್ ಯಾರೂ ಬರೆಯಲ್ಲ,' ಎಂದರು. ನನ್ನ ಕಡೆ ತಿರುಗಿ, 'ಇಷ್ಟು ಚೆನ್ನಾಗಿ ಬರೆದ್ರೂ ಯಾರೂ ಓದಲ್ಲ,' ಎಂದು ಸೇರಿಸಿದರು.

ವೈದ್ಯರು ಸೂಜಿ ತೆಗೆದರು. 'ತೂಕ ಎಷ್ಟಿದೆ?'

ಮರಿಯನ್ನು ತೂಗುವ ತಕ್ಕಡಿ ನಮ್ಮಲ್ಲೆಲ್ಲಿದೆ? ಬಾತ್‌ರೂಮಿನಲ್ಲಿ ನಾವು ನಿಂತು ತೂಕ ನೋಡಿಕೊಳ್ಳುವ ಮೆಷಿನ್ ಇದೆ. ಅದರ ಮೇಲೆ ಚಟ್ನಿ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಹಾಗಾದರೆ ಯಾರಾದರೂ ಎತ್ತಿಕೊಂಡು ನಿಂತು, ಆಮೇಲೆ ಇಳಿಸಿ ನಿಂತು, ಕಳೆದು ನೋಡಬೇಕು. ಮರಿ ನನ್ನ ತೋಳಿನಲ್ಲಿತ್ತು. ಬೇರೆಯವರು ಮುಟ್ಟಿದರೆ ನರಳುತ್ತಿತ್ತು.

ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನಾನು ಗಂಡನಿಂದ ಕಾಪಾಡಿಕೊಂಡು ಬಂದ ಗುಟ್ಟು ಒಂದೇ ಒಂದು. ಅದು ಆ ಮಧ್ಯಾಹ್ನ, ಪಶುವೈದ್ಯರ ಸಮ್ಮುಖದಲ್ಲಿ, ದಶಮಾಂಶದ ಸಮೇತ ಹೊರಬಿತ್ತು.

'ಎಂಬತ್ನಾಲ್ಕು ಪಾಯಿಂಟ್ ಆರು,' ಎಂದು ನಮ್ಮವರು ಜೋರಾಗಿ ಓದಿ ಬರೆದುಕೊಂಡರು. 'ಈಗ ಮರಿ ಇಳಿಸಿ ನಿಂತ್ಕೋ. ಎಪ್ಪತ್ತೆಂಟು ಪಾಯಿಂಟ್ ನಾಲ್ಕು.' ಒಂದು ಕ್ಷಣ ಪೆನ್ನು ನಿಂತಿತು. ನನ್ನನ್ನು ನೋಡಿದರು. ಏನೂ ಹೇಳಲಿಲ್ಲ. ಒಳ್ಳೆಯ ಮನುಷ್ಯ. 'ಆರು ಕಿಲೋ ಇನ್ನೂರು ಗ್ರಾಂ, ಡಾಕ್ಟರ್.'

ಇಂಜೆಕ್ಷನ್ ಆಯಿತು. ಗಂಟೆಗೊಮ್ಮೆ ಉಪ್ಪು ಸಕ್ಕರೆಯ ಓಆರ್‌ಎಸ್ ನೀರನ್ನು ಸಿರಿಂಜಿನಲ್ಲಿ ಬಾಯಿಗೆ ಬಿಡಬೇಕು, ಬೆಚ್ಚಗಿಡಬೇಕು ಎಂದರು. ಉಳಿಯುತ್ತದೆಯೇ ಎಂದು ಕೇಳಿದೆ. 'ನಾಳೆ ಸಂಜೆಯೊಳಗೆ ತಾನಾಗಿ ನೀರು ಕುಡಿದರೆ ಉಳಿಯುತ್ತದೆ,' ಎಂದರು. ಹೋಗುವಾಗ ನನ್ನ ಭುಜ ತಟ್ಟಿ, 'ಪೋಲೆ, ಮಾಮಾ,' ಎಂದರು. ಈ ಪದ ನನಗೆ ನಿಜವಾಗಿಯೂ ಗೊತ್ತು. ಅಯ್ಯೋ ಪಾಪ ಎಂದು ಅರ್ಥ. ಮರಿಗೆ ಹೇಳಿದರೋ ನನಗೋ ಕೇಳಲಿಲ್ಲ.

ಗುರುವಾರ ಇಡೀ ಹಗಲು ನಾನು ಒಣಹುಲ್ಲಿನ ಮೇಲೆ ಕಾಲು ಚಾಚಿ ಕುಳಿತಿದ್ದೆ. ಮಡಿಲಲ್ಲಿ ನಮ್ಮವರ ಹಳೆಯ ಸ್ವೆಟರಿನಲ್ಲಿ ಸುತ್ತಿದ ಚಟ್ನಿ. ಇಡ್ಲಿ ಮತ್ತು ವಡೆ ಬಂದು ಬಂದು ಅದರ ಮೂತಿ ಮೂಸಿ ಹೋಗುತ್ತಿದ್ದವು. ಅಲ್ಲಿ ಕುಳಿತಾಗಲೇ ಕಂಡದ್ದು, ಅವು ಮಲಗುವ ಜಾಗದಲ್ಲಿ ಒಂದು ಹನಿಯೂ ಗಲೀಜು ಮಾಡುವುದಿಲ್ಲ. ದೂರದ ಒಂದು ಮೂಲೆಯನ್ನೇ ಅದಕ್ಕೆ ಆರಿಸಿಕೊಂಡಿವೆ. ನಾವು ಒಬ್ಬರನ್ನೊಬ್ಬರು ಯಾವ ಪ್ರಾಣಿಯ ಹೆಸರು ಹಿಡಿದು ಬೈಯುತ್ತೇವೆ ಎಂದು ನೆನೆದು ನಾಚಿಕೆಯಾಯಿತು.

ಗಂಟೆಗೊಮ್ಮೆ ಸಿರಿಂಜು. ಅರ್ಧ ಒಳಗೆ, ಅರ್ಧ ನನ್ನ ಮೇಲೆ. ಮಧ್ಯಾಹ್ನ ಮೂರಾಯಿತು, ನಾಲ್ಕಾಯಿತು. ಇದು ಸತ್ತರೆ ಕಾರಣ ರೋಗವಲ್ಲ, ನಾನು ಎಂದು ಗೊತ್ತಿತ್ತು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಾನು, ಒಂದು ಜೀವವನ್ನು ಕ್ರೀಮ್ ಬಿಸ್ಕತ್ತು ಮತ್ತು ಮರ್ಯಾದೆ ಹೋಗುವ ಭಯ ಎರಡರಿಂದ ಕೊಲ್ಲುವುದರಲ್ಲಿದ್ದೆ.

ಐದು ಗಂಟೆಗೆ ಚಟ್ನಿ ಸ್ವೆಟರಿನಿಂದ ಮೂತಿ ಹೊರಗೆ ಹಾಕಿತು. ಕೆಳಗಿಳಿಸಿದೆ. ನಾಲ್ಕು ಹೆಜ್ಜೆ ಓಲಾಡುತ್ತ ನಡೆದು, ನೀರಿನ ತೊಟ್ಟಿಯ ಹತ್ತಿರ ಹೋಗಿ, ಮೂತಿ ಅದ್ದಿ ಕುಡಿಯಿತು. ಬಹಳ ಹೊತ್ತು ಕುಡಿಯಿತು. ಆಮೇಲೆ ತಿರುಗಿ ಬಂದು ನನ್ನ ಚಪ್ಪಲಿ ಕಚ್ಚಿತು.

ನಾನು ಅತ್ತೆ. ಹಂದಿಗೆ ಎಂದು ಯಾರಿಗೂ ಹೇಳಬೇಡಿ.

ಮ್ವಾಲಿಮುಗೆ ನಾನೇ ಫೋನ್ ಮಾಡಿದೆ. ಆ ದಿನದಿಂದ ದಿನಕ್ಕೆ ನಾಲ್ಕು ಸಲ ಮಾಡಿದೆ. ಹಿಟ್ಟು ಎಷ್ಟು, ಯಾವಾಗ, ಒದ್ದೆ ಮಾಡಿಯೋ ಒಣಗಿದ್ದೋ. ಒಂದೊಂದು ಸಲ ಅವರೇ, 'ವೀಣಾ, ನನಗೆ ಮಲಗಲು ಬಿಡು' ಎನ್ನುತ್ತಿದ್ದರು.

ಮೂರು ವಾರಕ್ಕೆ ಅವರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಕೈಯಲ್ಲಿದ್ದ ಚೀಲವನ್ನೂ ಇಳಿಸದೆ ನೇರ ಹಿತ್ತಲಿಗೆ ಹೋದರು. ಹಂದಿಮನೆಯ ಬಾಗಿಲಲ್ಲಿ ಬಗ್ಗಿ ಒಂದೊಂದನ್ನೂ ಹೊಸ ಕಣ್ಣಿನಿಂದ ಪರೀಕ್ಷಿಸಿದರು. ನಾನು ಪಕ್ಕದಲ್ಲಿ ರಿಸಲ್ಟಿಗೆ ಕಾಯುವವಳಂತೆ ನಿಂತಿದ್ದೆ.

'ಚೆನ್ನಾಗಿವೆ,' ಎಂದರು. 'ಹೆಸರೇನು ಇಟ್ಟಿದ್ದೀರಿ?'

ನಾನು ತಡವರಿಸಿದೆ. ಅನಘಾ ಹೇಳಿದಳು, ಅರ್ಥವನ್ನೂ ಹೇಳಿದಳು.

'ತಿಂಡಿಯ ಹೆಸರು,' ಎಂದು ಮ್ವಾಲಿಮು ತಲೆದೂಗಿದರು. 'ಹಾಗಾದರೆ ಸುಳ್ಳೇನೂ ಇಟ್ಟಿಲ್ಲ. ಡಿಸೆಂಬರಿಗೆ ಮಾರುತ್ತೇನೆ. ಗೊತ್ತಲ್ಲ?'

ಗೊತ್ತಿತ್ತು. ಯಾರೂ ಹಂದಿಯನ್ನು ಹಾಲಿಗೆ ಸಾಕುವುದಿಲ್ಲ. ಆದರೂ ಚಿಕ್ಕದೊಂದನ್ನು ನಾವೇ ಕೊಂಡರೆ ಹೇಗೆ ಎಂದು ಮೆಲ್ಲಗೆ ಕೇಳಿದೆ.

'ಕೊಳ್ಳಬಹುದು. ಎರಡು ವರ್ಷದಲ್ಲಿ ಇನ್ನೂರು ಕಿಲೋ ಆಗುತ್ತದೆ. ಹದಿನೈದು ವರ್ಷ ಬದುಕುತ್ತದೆ. ಯೋಚಿಸಿ ಹೇಳು,' ಎಂದರು. ಅದರಲ್ಲಿ ಕುಹಕವಿರಲಿಲ್ಲ. ಲೆಕ್ಕದ ಟೀಚರ್ ಲೆಕ್ಕ ಹೇಳಿದಂತೆ ಹೇಳಿದರು. ನಾವಿನ್ನೂ ಯೋಚಿಸುತ್ತಿದ್ದೇವೆ. ನಮ್ಮವರು ಒಂದು ಸಲ ಟೇಪು ಹಿಡಿದು ಹಿತ್ತಲನ್ನು ಅಳೆದು ಬಂದಿದ್ದಾರೆ. ಅದರ ಅರ್ಥ ಏನೆಂದು ನಾನು ಕೇಳಿಲ್ಲ.

ಇಷ್ಟಕ್ಕೇ ಈ ಬರಹ ಮುಗಿಸಬೇಕೆಂದಿದ್ದೆ. ಆದರೆ ಮೊನ್ನೆ ಸಂಜೆ ಇನ್ನೊಂದು ನಡೆಯಿತು.

ಶಾಲೆಯಿಂದ ಬಂದ ಅನಘಾ ಯೂನಿಫಾರ್ಮಿನಲ್ಲೇ ಹಂದಿಮನೆಗೆ ಹೋದಳು. ಬೋರ್ನ್‌ವಿಟಾ ಆರುತ್ತದೆ ಎಂದು 'ಬಾ' ಎನ್ನಲು ನಾನೂ ಹೋದೆ. ಮರದ ಗೋಡೆಯ ಈಚೆ ನಿಂತಾಗ ಒಳಗಿನಿಂದ ಮಾತು ಕೇಳಿಸಿತು. ಕನ್ನಡ. ನಾನು ಬಾಗಿಲ ಕಡೆಗೆ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡೆ.

'ಚಟ್ನೀ, ಇವತ್ತು ನಾನು ಪೀಟೀಲಿ ಬಿದ್ದಿತು. ಮಂಡಿ ಗಾಯ ಆದಳು, ನೋಡು. ಟೀಚರ್ ಬಂದನು, ಬ್ಯಾಂಡೇಜ್ ಹಾಕಿದನು. ನಾನು ಅಳಲಿಲ್ಲ. ಸ್ವಲ್ಪ ಅಳಿತು. ನೀನು ಜಾಸ್ತಿ ತಿನ್ನಬೇಡ, ಆಯ್ತಾ? ದಪ್ಪ ಆಗಬೇಡ. ಡಿಸೆಂಬರ್ ಯಾಕೆ ಅಂತ ಕೇಳಬೇಡ, ನಾನು ಹೇಳಲ್ಲ.'

ಬಿದ್ದಿತು ಅಲ್ಲ ಪುಟ್ಟಾ, ಬಿದ್ದೆ. ತಿದ್ದುವ ಮಾತು ತುಟಿಯವರೆಗೆ ಬಂದಿತ್ತು. ಯಾಕೋ ತಡೆದುಕೊಂಡೆ.

ಎರಡು ವರ್ಷದ ಹಿಂದೆ ಮೈಸೂರಿನಿಂದ ನೆಂಟರು ಬಂದಿದ್ದರು. ಸಫಾರಿಗೆ ಹೋಗಿ ಬಂದ ಮೇಲೆ ಅನಘಾ ಉತ್ಸಾಹದಿಂದ ಎಲ್ಲರ ಮುಂದೆ ಹೇಳಿದಳು, 'ಸಿಂಹ ಬಂದಳು, ಅಜ್ಜಿ ಹೆದರಿಬಿಟ್ಟನು.' ಇಡೀ ಹಾಲ್ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅಷ್ಟೇ ಅಲ್ಲ, ಇನ್ನೊಮ್ಮೆ ಹೇಳಿಸಿ, ರೆಕಾರ್ಡ್ ಮಾಡಿ, ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ನಲವತ್ತು ಜನ ನಗುವ ಮುಖ ಒತ್ತಿದರು. ಆಮೇಲೆ ಅವಳ ಬಾಯಲ್ಲಿ ಕನ್ನಡ ಕೇಳಿದ ನೆನಪು ನನಗಿಲ್ಲ. 'ಏನ್ಮಾಡೋದು, ನೈರೋಬಿ ಮಕ್ಕಳು, ಅರ್ಥ ಆಗುತ್ತೆ, ಮಾತಾಡಲ್ಲ,' ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಊರಿನ ತಪ್ಪು, ಶಾಲೆಯ ತಪ್ಪು, ಕಾಲದ ತಪ್ಪು.

ಊಟದ ಹೊತ್ತಿಗೆ, ಆದಷ್ಟು ಹಗುರವಾಗಿ ಕೇಳಿದೆ. 'ಚಟ್ನಿ ಜತೆ ಕನ್ನಡ ಮಾತಾಡ್ತೀಯಲ್ಲ. ನಮ್ಮ ಜತೆ ಯಾಕಿಲ್ಲ?'

ಅವಳು ಚಪಾತಿಯಿಂದ ತಲೆಯೆತ್ತಲಿಲ್ಲ.

'ಹೀ ಡಸಂಟ್ ಲಾಫ್, ಅಮ್ಮಾ.'

ಇಷ್ಟು ವರ್ಷ ನಮ್ಮ ಮನೆಯಲ್ಲಿ ಇಲ್ಲದೇ ಹೋದದ್ದು, ಒಂದು ಹಂದಿಮರಿಗಿರುವಷ್ಟು ಸೌಜನ್ಯವೇ?